ಓದಿ, ನೋಡಿ, ಕೇಳಿ: ಬೇಸ್ ಗಿಟಾರ್ ಕಲಿಯಲು ಮೂರು ದಾರಿ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳದ್ದೇ ಸಿಂಹಪಾಲು. ನಡುವೆ ಆಗಾಗ ಇಂಥ ಪ್ರಶ್ನೆಗಳೂ ಇಣುಕುತ್ತವೆ: "ಮಗ ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಕಲಿಸುವ ಮೇಷ್ಟ್ರು ನೊಟೇಶನ್ ಓದಲು ಕಲಿ ಅಂತಾರೆ. ಇವನು ಟ್ಯಾಬ್ ಇದ್ದರೆ ಸಾಕು ಅಂತಾನೆ. ಇವನ ಗೆಳೆಯ ಎರಡೂ ಬೇಡ, ಕಿವಿ ಇದ್ದರೆ ಆಯ್ತು ಅಂತಾನೆ. ಯಾರ ಮಾತು ಕೇಳೋಣ?" ಗಿಟಾರ್ ಕೊಂಡು, ಆಂಪ್ಲಿಫೈಯರ್ ಕೊಂಡು, ಪಕ್ಕದ ಫ್ಲಾಟಿನವರ ದೂರನ್ನೂ ಸಹಿಸಿಕೊಂಡ ಮೇಲೆ ಈ ಪ್ರಶ್ನೆ ಸಣ್ಣದೇನಲ್ಲ. ತಪ್ಪು ದಾರಿ ಹಿಡಿದು ಎರಡು ವರ್ಷ ಕಳೆದರೆ ಕೈ ಓಡುತ್ತದೆ, ಸಂಗೀತ ಮಾತ್ರ ಅಲ್ಲೇ ನಿಂತಿರುತ್ತದೆ. ಆದ್ದರಿಂದ ಈ ಸಲ ಇದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ವಾದ್ಯದ ಪರಿಚಯ

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ದಪ್ಪದಿಂದ ತೆಳುವಿನ ಕಡೆಗೆ ಹೆಸರು ಹೇಳುವುದಾದರೆ ಇ, ಎ, ಡಿ, ಜಿ. ಒಂದು ತಂತಿಗೂ ಮುಂದಿನ ತಂತಿಗೂ ನಡುವಿನ ಅಂತರ ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಶುದ್ಧ ಮಧ್ಯಮದಷ್ಟು. ಅತಿ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಜಿ ತಂತಿ 98 ಸಲ. ವೀಣೆಯ ಮೆಟ್ಟಿಲುಗಳಂತೆ ಇದರ ಕುತ್ತಿಗೆಯ ಮೇಲೂ ಲೋಹದ ಪಟ್ಟಿಗಳಿವೆ, ಅವೇ ಫ್ರೆಟ್‌ಗಳು. ಅಮೆರಿಕದ ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಪ್ರಿಸಿಷನ್ ಎಂದರೆ ಕರಾರುವಾಕ್ಕು. ಅದುವರೆಗಿದ್ದ ಆಳೆತ್ತರದ ಡಬಲ್ ಬೇಸ್‌ಗೆ ಫ್ರೆಟ್ ಇರಲಿಲ್ಲ, ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕಿತ್ತು. ಫ್ರೆಟ್ ಬಂದ ಮೇಲೆ ಸ್ವರ ಕರಾರುವಾಕ್ಕಾಗಿ ಸಿಕ್ಕಿತು, ಹೆಸರೂ ಹಾಗೆಯೇ ಬಂತು.

ಹಾಡಿನಲ್ಲಿ ಬೇಸ್ ಇದೆ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ತೆಗೆದು ನೋಡಿ, ಆಗ ತಿಳಿಯುತ್ತದೆ. ಸಾರಿಗೆ ಉಪ್ಪಿದ್ದಂತೆ ಅದು. ತಾಳ ಹಿಡಿಯುವ ಡ್ರಮ್ಸ್‌ಗೂ ರಾಗ ಹಿಡಿಯುವ ಉಳಿದ ವಾದ್ಯಗಳಿಗೂ ನಡುವೆ ನಿಂತು ಎರಡನ್ನೂ ಕೂಡಿಸುವುದು ಬೇಸ್‌ನ ಕೆಲಸ. ಈ ಮಾತು ನೆನಪಿರಲಿ. ಬೇಸಿಗನಿಗೆ ಯಾವ ಸ್ವರ ಎನ್ನುವುದು ಎಷ್ಟು ಮುಖ್ಯವೋ, ಅದನ್ನು ಯಾವಾಗ, ಎಷ್ಟು ಹೊತ್ತು ನುಡಿಸಬೇಕು ಎನ್ನುವುದೂ ಅಷ್ಟೇ ಮುಖ್ಯ.

ಟ್ಯಾಬ್: ಬೆರಳಿಗೆ ವಿಳಾಸ

ಟ್ಯಾಬ್ ಎಂದರೆ ಟ್ಯಾಬ್ಲೇಚರ್. ನಾಲ್ಕು ತಂತಿಗೆ ನಾಲ್ಕು ಗೆರೆ. ಮೇಲಿನ ಗೆರೆ ತೆಳು ತಂತಿ ಜಿ, ಕೆಳಗಿನದು ದಪ್ಪ ತಂತಿ ಇ. ಗೆರೆಯ ಮೇಲಿರುವ ಅಂಕಿ ಎಷ್ಟನೇ ಫ್ರೆಟ್ ಒತ್ತಬೇಕೆಂದು ಹೇಳುತ್ತದೆ. ಸೊನ್ನೆ ಇದ್ದರೆ ತಂತಿಯನ್ನು ಒತ್ತದೆ ಹಾಗೇ ಮೀಟಬೇಕು. ಇಲ್ಲೊಂದು ಉದಾಹರಣೆ:

ಜಿ |---------------5---|
ಡಿ |-------2---5-------|
ಎ |---3---------------|
ಇ |-------------------|

ಎ ತಂತಿಯ ಮೂರನೇ ಫ್ರೆಟ್, ಡಿ ತಂತಿಯ ಎರಡು ಮತ್ತು ಐದು, ಕೊನೆಗೆ ಜಿ ತಂತಿಯ ಐದು. ಇಂಗ್ಲಿಷಿನಲ್ಲಿ ಇವು ಸಿ, ಇ, ಜಿ, ಮತ್ತೆ ಮೇಲಿನ ಸಿ. ಸಿ-ಯನ್ನೇ ಷಡ್ಜ ಎಂದಿಟ್ಟುಕೊಂಡರೆ ಸ, ಅಂತರ ಗಾಂಧಾರ, ಪ, ತಾರ ಷಡ್ಜ. ಹತ್ತು ನಿಮಿಷದ ವಿವರಣೆ ಸಾಕು, ಯಾರು ಬೇಕಾದರೂ ಇದನ್ನು ನೋಡಿ ಬೆರಳಿಡಬಹುದು. ಟ್ಯಾಬ್‌ನ ದೊಡ್ಡ ಗುಣವೇ ಇದು. ಹೊಸಬರಿಗೆ ಮೊದಲ ವಾರದಲ್ಲೇ ಒಂದು ಹಾಡು ಕೈಗೆ ಸಿಗುತ್ತದೆ, ಉತ್ಸಾಹ ಬತ್ತುವುದಿಲ್ಲ.

ಇನ್ನೊಂದು ಗುಣವೂ ಇದೆ. ಬೇಸ್‌ನಲ್ಲಿ ಒಂದೇ ಸ್ವರ ಹಲವು ಕಡೆ ಸಿಗುತ್ತದೆ. ಜಿ ತಂತಿಯನ್ನು ಸುಮ್ಮನೆ ಮೀಟಿದರೆ ಬರುವ ಸ್ವರವೇ ಡಿ ತಂತಿಯ 5ನೇ ಫ್ರೆಟ್‌ನಲ್ಲೂ ಎ ತಂತಿಯ 10ರಲ್ಲೂ ಇ ತಂತಿಯ 15ರಲ್ಲೂ ಇದೆ. ಸ್ವರ ಒಂದೇ ಆದರೂ ನಾದದ ಬಣ್ಣ ಬೇರೆ, ದಪ್ಪ ತಂತಿಯಲ್ಲಿ ಅದು ಸ್ವಲ್ಪ ಗುಂಭವಾಗಿ ಕೇಳುತ್ತದೆ. ಈ ನಾಲ್ಕರಲ್ಲಿ ಯಾವುದು ಎಂದು ಟ್ಯಾಬ್ ಖಚಿತವಾಗಿ ಹೇಳುತ್ತದೆ. ನೊಟೇಶನ್ ತಾನಾಗಿ ಹೇಳುವುದಿಲ್ಲ.

ಟ್ಯಾಬ್ ಇವತ್ತಿನ ಹುಡುಗರ ಸೋಮಾರಿತನದ ಫಲ ಎಂದು ಕೆಲವರು ಮೂಗು ಮುರಿಯುವುದುಂಟು. ಅದು ಸರಿಯಲ್ಲ. ವೆನಿಸ್ ನಗರದ ಪೆಟ್ರುಚಿ 1507ರಲ್ಲೇ ಲ್ಯೂಟ್ ವಾದ್ಯಕ್ಕಾಗಿ ಟ್ಯಾಬ್ಲೇಚರ್ ಪುಸ್ತಕ ಅಚ್ಚು ಹಾಕಿದ್ದ. ಐನೂರು ವರ್ಷದ ಮರ್ಯಾದಸ್ಥ ಪದ್ಧತಿ ಇದು. ಆದರೆ ಆ ಪುಸ್ತಕಗಳಲ್ಲಿ ತಂತಿ, ಫ್ರೆಟ್‌ಗಳ ಮೇಲ್ಗಡೆ ಯಾವ ಸ್ವರಕ್ಕೆ ಎಷ್ಟು ಹೊತ್ತು ಎಂಬ ಕಾಲದ ಗುರುತುಗಳೂ ಇರುತ್ತಿದ್ದವು. ಈಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಹಂಚುವ ಬಹುಪಾಲು ಟ್ಯಾಬ್‌ಗಳಲ್ಲಿ ಆ ಗುರುತುಗಳೇ ಬಿಟ್ಟುಹೋಗಿವೆ. ತೊಡಕು ಶುರುವಾಗುವುದೇ ಇಲ್ಲಿ.

ಬೆಲೆಯೋ, ಬೆಳೆಯೋ, ಬೇಳೆಯೋ?

ಹೊರನಾಡಿನಲ್ಲಿರುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಮುಂಬಯಿ, ಪುಣೆ, ದೆಹಲಿಯಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಲಿಪಿ ಮಾತ್ರ ಬರುವುದಿಲ್ಲ. ಅಜ್ಜಿಗೆ ಸಂದೇಶ ಕಳಿಸಬೇಕಾದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಬಿ, ಇ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಬರೆದರೆ ಅದು ಬೆಲೆಯೋ, ಬೆಳೆಯೋ, ಬೇಳೆಯೋ? ಭಾಷೆ ಮೊದಲೇ ಗೊತ್ತಿದ್ದವರು ಸಂದರ್ಭ ನೋಡಿ ಊಹಿಸುತ್ತಾರೆ. ಗೊತ್ತಿಲ್ಲದವರಿಗೆ ದಾರಿಯೇ ಇಲ್ಲ. ಹ್ರಸ್ವವೋ ದೀರ್ಘವೋ ಎಂಬ ಮಾಹಿತಿಯೇ ಆ ಬರಹದಲ್ಲಿಲ್ಲ.

ಟೈಪ್ ಮಾಡಿದ ಟ್ಯಾಬ್ ಕೂಡ ಹೀಗೇ. ಮೇಲಿನ ನಾಲ್ಕು ಅಂಕಿಗಳನ್ನೇ ನೋಡಿ. ನಾಲ್ಕು ಎಣಿಕೆಗೆ ನಾಲ್ಕು ಸಮನಾದ ಸ್ವರವೇ? ಮೊದಲನೆಯದನ್ನು ಎಳೆದು ಉಳಿದ ಮೂರನ್ನು ಒಟ್ಟಿಗೆ ತುರುಕಬೇಕೇ? ನಡುವೆ ಮೌನ ಎಷ್ಟು? ಹಾಡನ್ನು ಮೊದಲೇ ಕೇಳಿದ್ದರೆ ಟ್ಯಾಬ್ ನೆನಪಿಗೆ ಸಹಾಯ ಮಾಡುತ್ತದೆ, ಕೇಳದ ಹಾಡಾಗಿದ್ದರೆ ಅದು ಬರಿಯ ಅಂಕಿಗಳ ಸಾಲು. ತಾಳವೇ ಉಸಿರಾಗಿರುವ ವಾದ್ಯಕ್ಕೆ ತಾಳವನ್ನೇ ಹೇಳದ ಬರಹ ಎಂದರೆ ಯೋಚಿಸಿ.

ಇನ್ನೂ ಒಂದು ಅಪಾಯವಿದೆ, ಇದು ನಿಧಾನವಾಗಿ ಕಾಣುವಂಥದ್ದು. ಟ್ಯಾಬ್ "ಮೂರು ಒತ್ತು" ಎನ್ನುತ್ತದೆ, ಯಾವ ಸ್ವರ ಎಂದು ಹೇಳುವುದಿಲ್ಲ. ವರ್ಷಗಟ್ಟಲೆ ಅದನ್ನೇ ನಂಬಿದವರಿಗೆ ನೂರು ಹಾಡು ಬರುತ್ತದೆ, ಆದರೆ ಆ ಹಾಡುಗಳಲ್ಲಿ ತಾವು ನುಡಿಸುತ್ತಿರುವುದೇನು ಎಂದು ಗೊತ್ತಿರುವುದಿಲ್ಲ. ಗಾಯಕಿ "ಗಂಟಲು ಸರಿಯಿಲ್ಲ, ಶ್ರುತಿ ಸ್ವಲ್ಪ ಇಳಿಸೋಣ" ಎಂದಾಕ್ಷಣ ಅಂಕಿಗಳೆಲ್ಲ ಕೈಕೊಡುತ್ತವೆ.

ನೊಟೇಶನ್: ಸ್ವರವೂ ಕಾಲವೂ ಒಟ್ಟಿಗೆ

ಈಗ ಐದು ಗೆರೆಯ ಸ್ಟಾಫ್ ನೊಟೇಶನ್‌ಗೆ ಬರೋಣ. ಇದರ ಬೇರು ಹನ್ನೊಂದನೇ ಶತಮಾನದ ಇಟಲಿಯ ಸನ್ಯಾಸಿ ಗ್ವೀಡೋನವರೆಗೆ ಹೋಗುತ್ತದೆ. ಗೆರೆಗಳ ಮೇಲೂ ಗೆರೆಗಳ ನಡುವಿನ ಜಾಗದಲ್ಲೂ ಸ್ವರದ ಗುರುತು ಕೂರುತ್ತದೆ. ಎಷ್ಟು ಮೇಲಿದೆಯೋ ಅಷ್ಟು ಏರಿದ ಸ್ವರ. ಗುರುತಿನ ಆಕಾರ ಅದರ ಕಾಲವನ್ನು ಹೇಳುತ್ತದೆ. ಬೇಸ್‌ಗೆ ಬಳಸುವುದು ಬೇಸ್ ಕ್ಲೆಫ್. ಸಾಲಿನ ಆರಂಭದಲ್ಲಿ ಕಿವಿಯ ಆಕಾರದ ಒಂದು ಚಿಹ್ನೆ, ಪಕ್ಕದಲ್ಲಿ ಎರಡು ಚುಕ್ಕೆ. ಆ ಚುಕ್ಕೆಗಳ ನಡುವಿನ ಗೆರೆ ಎಫ್ ಸ್ವರದ ಮನೆ.

ನಮ್ಮ ನಾಲ್ಕು ತಂತಿಗಳು ಇದರಲ್ಲಿ ಎಲ್ಲಿ ಕೂರುತ್ತವೆ ನೋಡಿ. ಇ ತಂತಿ ಐದು ಗೆರೆಗೂ ಕೆಳಗೆ, ಅದಕ್ಕಾಗಿಯೇ ಎಳೆದ ಒಂದು ಪುಟ್ಟ ಗೆರೆಯ ಮೇಲೆ. ಎ ತಂತಿ ಕೆಳಗಿನಿಂದ ಮೊದಲನೇ ಜಾಗದಲ್ಲಿ. ಡಿ ತಂತಿ ನಟ್ಟನಡುವಿನ ಗೆರೆಯ ಮೇಲೆ. ಜಿ ತಂತಿ ಮೇಲಿನ ಜಾಗದಲ್ಲಿ. ಈ ನಾಲ್ಕು ಗೊತ್ತಾದರೆ ಉಳಿದದ್ದು ಇವುಗಳಿಂದ ಮೇಲೆ ಕೆಳಗೆ ಎಣಿಸುವ ಕೆಲಸ. ಒಂದು ಸಣ್ಣ ವಿಷಯ ತಿಳಿದಿರಲಿ: ಬೇಸ್ ಗಿಟಾರಿನ ನಾದ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ಇದ್ದಂತೆಯೇ ಬರೆಯಲು ಹೋದರೆ ಐದು ಗೆರೆಯ ಕೆಳಗೆ ಪುಟ್ಟ ಗೆರೆಗಳ ಏಣಿಯನ್ನೇ ಹಾಕಬೇಕಾದೀತು, ಅದಕ್ಕೆ ಈ ಅನುಕೂಲ.

ಮೇಲಿನ ಉದಾಹರಣೆಯನ್ನೇ ಇಲ್ಲಿ ಬರೆದರೆ ಸಿ, ಇ, ಜಿ ಮೂರೂ ಕೆಳಗಿನಿಂದ ಎರಡು, ಮೂರು, ನಾಲ್ಕನೇ ಜಾಗದಲ್ಲಿ ಒಂದರ ಮೇಲೊಂದು ಮೆಟ್ಟಿಲಿನಂತೆ ಕೂರುತ್ತವೆ. ಒಂದೊಂದು ಸ್ವರ ಬಿಟ್ಟು ಏರುವ ಸ-ಗ-ಪ ಕಣ್ಣಿಗೇ ಕಾಣುತ್ತದೆ. ಸಂಗೀತದ ಆಕಾರ ಕಾಗದದ ಮೇಲೆ ಚಿತ್ರವಾಗುತ್ತದೆ. ಟ್ಯಾಬ್‌ನ 3, 2, 5, 5 ಎಂಬ ಅಂಕಿಗಳಲ್ಲಿ ಈ ಏರಿಕೆ ಕಾಣುವುದಿಲ್ಲ.

ಇನ್ನು ಕಾಲದ ವಿಷಯ. ಪಿಯುಸಿಯಲ್ಲೋ ಬಿ.ಎ.ಯಲ್ಲೋ ಕನ್ನಡ ಓದಿದವರಿಗೆ ಛಂದಸ್ಸಿನ ಪ್ರಸ್ತಾರ ನೆನಪಿರಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಲ್ಲಿ ಎರಡೇ ಅಳತೆ, ಇಲ್ಲಿ ಇನ್ನೂ ಕೆಲವು. ಪೂರ್ತಿ ಸ್ವರಕ್ಕೆ ನಾಲ್ಕು ಎಣಿಕೆ, ಅರ್ಧ ಸ್ವರಕ್ಕೆ ಎರಡು, ಕಾಲು ಸ್ವರಕ್ಕೆ ಒಂದು, ಎಂಟನೇ ಒಂದಕ್ಕೆ ಅರ್ಧ. ಮೌನಕ್ಕೂ ಹೀಗೆಯೇ ಅಳತೆಯ ಗುರುತುಗಳಿವೆ. ಭಾಮಿನಿಯ ಮೂರು-ನಾಲ್ಕು ಮಾತ್ರೆಗಳನ್ನು ಬೆರಳು ಮಡಚಿ ಎಣಿಸಿದವರಿಗೆ ಇದು ಕಷ್ಟವಲ್ಲ. ಕರ್ನಾಟಕ ಸಂಗೀತ ಕಲಿತವರಿಗಂತೂ ಇನ್ನೂ ಸುಲಭ. ನಮ್ಮ ಸ್ವರಲಿಪಿ ಪುಸ್ತಕಗಳಲ್ಲಿ "ಸ" ಒಂದು ಕಾಲ, "ಸಾ" ಎರಡು ಕಾಲ. ಅಲ್ಪವಿರಾಮ ಚಿಹ್ನೆ ಒಂದು ಕಾಲ ಕೂಡಿಸುತ್ತದೆ, ಅರ್ಧವಿರಾಮ ಎರಡು. ಯೋಚನೆ ಅದೇ, ಗುರುತು ಬೇರೆ.

ನೊಟೇಶನ್ ಓದಬಲ್ಲವನಿಗೆ ಕೇಳದ ಹಾಡನ್ನೂ ನುಡಿಸಲು ಬರುತ್ತದೆ. ಪಿಯಾನೋಗೆ ಬರೆದದ್ದನ್ನೂ ಚೆಲ್ಲೋಗೆ ಬರೆದದ್ದನ್ನೂ ನೋಡಿ ತನಗೆ ಬೇಕಾದ್ದನ್ನು ತೆಗೆದುಕೊಳ್ಳಬಹುದು. ಬೇರೆ ವಾದ್ಯದವರೊಡನೆ ಒಂದೇ ಕಾಗದ ಹಿಡಿದು ಮಾತಾಡಬಹುದು. ಟ್ಯಾಬ್ ಕೊಟ್ಟರೆ ಪಿಟೀಲಿನವರು ಅದನ್ನಿಟ್ಟುಕೊಂಡು ಏನು ಮಾಡಬೇಕು ಹೇಳಿ?

ಕಾಗದ ಓದಿದವರು ಕಟ್ಟಿದ ಹಾಡುಗಳು

ಓದು ಬರುವುದರಿಂದ ಅನ್ನ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ನೀವಿರುವ ಊರುಗಳಲ್ಲೇ ಉದಾಹರಣೆಗಳಿವೆ. ಮುಂಬಯಿಯ ಹಿಂದಿ ಚಿತ್ರಸಂಗೀತದ ವಾದ್ಯಗೋಷ್ಠಿಗಳನ್ನು ದಶಕಗಳ ಕಾಲ ಹೊತ್ತು ನಿಂತವರಲ್ಲಿ ಗೋವಾದ ಕಲಾವಿದರು ಪ್ರಮುಖರು. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಅವರು ಚಿಕ್ಕಂದಿನಲ್ಲೇ ನೊಟೇಶನ್ ಕಲಿತಿದ್ದರು. ಸಂಗೀತ ನಿರ್ದೇಶಕರು ಹಾಡಿ ತೋರಿಸಿದ್ದನ್ನು ಹತ್ತಾರು ವಾದ್ಯಗಳಿಗೆ ಹಂಚಿ ಬರೆದುಕೊಡುತ್ತಿದ್ದ ಸೆಬಾಸ್ಟಿಯನ್ ಡಿಸೋಜಾ, ಆಂಥನಿ ಗೊನ್ಸಾಲ್ವಿಸ್ ಇಂಥವರು. "ಅಮರ್ ಅಕ್ಬರ್ ಆಂಥನಿ" (1977) ಚಿತ್ರದ ಪ್ರಸಿದ್ಧ ಹಾಡಿನಲ್ಲಿ ಬರುವ ಹೆಸರು, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಈ ಗುರುವಿನದೇ.

ಚೆನ್ನೈನಲ್ಲಿ ಇಳಯರಾಜಾ ಅವರದು ಇನ್ನೊಂದು ಬಗೆ. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತ ಅವರು ಪ್ರತಿ ವಾದ್ಯದ ಪಾಲನ್ನೂ ತಾವೇ ಸ್ಟಾಫ್ ನೊಟೇಶನ್‌ನಲ್ಲಿ ಬರೆಯುವುದಕ್ಕೆ ಹೆಸರಾದವರು. ಅವರು ಸಂಗೀತ ನೀಡಿದ ಕನ್ನಡದ "ಗೀತಾ" (1981), "ಪಲ್ಲವಿ ಅನುಪಲ್ಲವಿ" (1983) ಚಿತ್ರಗಳ ಹಾಡುಗಳನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು, ಗಾಯಕರ ದನಿಯನ್ನು ಬಿಟ್ಟು ಕೆಳಗಿನ ಬೇಸನ್ನೇ ಹಿಂಬಾಲಿಸಿ ಕೇಳಿ. ಮತ್ತೊಂದು ಹಾಡೇ ಅಲ್ಲಿ ನಡೆಯುತ್ತಿರುತ್ತದೆ.

ಅಮೆರಿಕದ ಕ್ಯಾರಲ್ ಕೇ ಅವರ ಕಥೆಯೂ ಕೇಳಬೇಕಾದ್ದು. ಲಾಸ್ ಏಂಜಲಿಸ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಈಕೆ 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್‌ನವರು ಬಾರದಿದ್ದಾಗ ಆ ಜಾಗಕ್ಕೆ ನಿಂತರು. ಕಾಗದ ಓದಲು ಬರುತ್ತಿತ್ತು, ಕಿವಿಯೂ ಚುರುಕಾಗಿತ್ತು. ಮುಂದೆ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿ, 1969ರಲ್ಲಿ ಬೇಸ್ ಕಲಿಸುವ ಪುಸ್ತಕವನ್ನೂ ಬರೆದರು.

ಕಿವಿ: ಎಲ್ಲಕ್ಕೂ ಮೊದಲಿನ ಗುರು

ಹಾಗಾದರೆ ಓದು ಬಾರದವರು ಬೇಸಿಗರೇ ಅಲ್ಲವೇ? ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತಮಗೆ ನೊಟೇಶನ್ ಓದಲು ಬರೆಯಲು ಬರುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಬೇಸ್‌ನಲ್ಲಿ ಅವರಷ್ಟು ಸೊಗಸಾಗಿ ಹಾಡಿದವರು ಕಡಿಮೆ. ಅವರೇ 1991ರಲ್ಲಿ ದೊಡ್ಡ ವಾದ್ಯವೃಂದಕ್ಕಾಗಿ "ಲಿವರ್‌ಪೂಲ್ ಆರಟೋರಿಯೋ" ರಚಿಸಿದಾಗ ಮಾತ್ರ ಓದು ಬರಹ ಬಲ್ಲ ಕಾರ್ಲ್ ಡೇವಿಸ್ ಜೊತೆಗಿರಬೇಕಾಯಿತು. ಕಿವಿ ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ಇನ್ನೊಬ್ಬರ ಕೈ ಬೇಕಾಗುತ್ತದೆ ಎನ್ನುವುದು ಈ ಒಂದೇ ಉದಾಹರಣೆಯಲ್ಲಿದೆ.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಓದಬಲ್ಲವರಾಗಿದ್ದರು. ಆದರೆ ಅವರ ಹೆಸರು ಉಳಿದದ್ದು ಕಾಗದದಲ್ಲಿ ಇದ್ದದ್ದಕ್ಕಲ್ಲ, ಅದರ ಸುತ್ತ ಅವರು ತಾವಾಗಿ ಹೆಣೆದದ್ದಕ್ಕೆ. ಅವರು 1983ರಲ್ಲಿ ತೀರಿಕೊಂಡರು. ಅವರು ನುಡಿಸಿದ್ದನ್ನು ಕೇಳಿ ಕೇಳಿ ನೊಟೇಶನ್‌ನಲ್ಲಿ ಬರೆದಿಟ್ಟ ಪುಸ್ತಕ 1989ರಲ್ಲಿ ಬಂತು. ಕಿವಿಯಿಂದ ಹುಟ್ಟಿದ ಸಂಗೀತ ಕಾಗದದಿಂದಾಗಿ ಮುಂದಿನವರಿಗೆ ತಲುಪಿತು.

ನಮ್ಮ ಸಂಗೀತಕ್ಕೂ ಈ ಅನುಭವ ಹೊಸದಲ್ಲ. ಸರಳೆ ವರಸೆಯಿಂದ ಕೀರ್ತನೆಯವರೆಗೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದೇ ನಮ್ಮ ಪರಂಪರೆ. ಆದರೂ ಸುಬ್ಬರಾಮ ದೀಕ್ಷಿತರು 1904ರಲ್ಲಿ "ಸಂಗೀತ ಸಂಪ್ರದಾಯ ಪ್ರದರ್ಶಿನಿ"ಯನ್ನು ಪ್ರಕಟಿಸಿ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಗಮಕದ ಚಿಹ್ನೆಗಳ ಸಮೇತ ದಾಖಲಿಸಿದರು. ಅವರನ್ನು ಆ ಕೆಲಸಕ್ಕೆ ಹುರಿದುಂಬಿಸಿದ ಮದರಾಸಿನ ಚಿನ್ನಸ್ವಾಮಿ ಮುದಲಿಯಾರರು ಕರ್ನಾಟಕ ಸಂಗೀತವನ್ನು ಸ್ಟಾಫ್ ನೊಟೇಶನ್‌ಗೆ ಇಳಿಸಲು ದುಡಿದವರು. ಇಷ್ಟಾದರೂ ಬರಿಯ ಪುಸ್ತಕ ನೋಡಿ ತೋಡಿ ರಾಗ ಹಾಡಲು ಯಾರಿಗೂ ಆಗದು. ಬರಹ ಅಸ್ಥಿಪಂಜರ, ರಕ್ತಮಾಂಸ ತುಂಬುವುದು ಕಿವಿ. ಬೇಸ್‌ಗೂ ಈ ಮಾತು ಒಪ್ಪುತ್ತದೆ. ಡ್ರಮ್ಸ್‌ಗಿಂತ ಕೂದಲೆಳೆಯಷ್ಟು ಹಿಂದೆ ಕೂತರೆ ಹಾಡು ತೂಗುತ್ತದೆ, ಮುಂದೆ ಕೂತರೆ ಓಡುತ್ತದೆ. ಇದನ್ನು ಯಾವ ಕಾಗದವೂ ಬರೆದು ತೋರಿಸಲಾರದು.

ಕೇಳಿ ಕಲಿಯುವುದು ಹೇಗೆ?

ಮೊದಲನೆಯದಾಗಿ, ಒಳ್ಳೆಯ ಹೆಡ್‌ಫೋನ್ ಇರಲಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಸೆಕೆಂಡಿಗೆ 41 ಕಂಪನದ ನಾದ ಹೊರಡಿಸುವ ಶಕ್ತಿಯಿಲ್ಲ. ಮೇಲಿನ ಅನುರಣನಗಳನ್ನಷ್ಟೇ ಕೇಳಿ ಮೂಲಸ್ವರವನ್ನು ನಮ್ಮ ಮಿದುಳು ಊಹಿಸಿಕೊಳ್ಳುತ್ತದೆ, ಊಹೆ ತಪ್ಪುವ ಸಂಭವವೂ ಇದೆ.

ಎರಡನೆಯದಾಗಿ, ವಾದ್ಯ ಮುಟ್ಟುವ ಮೊದಲು ಬೇಸ್‌ನ ದಾರಿಯನ್ನು ಬಾಯಲ್ಲಿ ಗುನುಗಿ. ಬಾಯಿಗೆ ಬಾರದ್ದು ಬೆರಳಿಗೆ ಬರುವುದು ಕಷ್ಟ. ಮೂರನೆಯದಾಗಿ, ಹಾಡು ಎಲ್ಲಿ ಬಂದು ನೆಲೆ ನಿಲ್ಲುತ್ತದೆ ಎಂದು ಷಡ್ಜ ಹುಡುಕಿ. ನಾಲ್ಕನೆಯದಾಗಿ, ಪ್ರತಿ ಆವರ್ತದ ಮೊದಲ ಸ್ವರವನ್ನಷ್ಟೇ ಹಿಡಿಯಿರಿ. ಬಹಳ ಸಲ ಅದೇ ಆ ಕಾರ್ಡ್‌ನ ಮೂಲಸ್ವರವಾಗಿರುತ್ತದೆ. ಇಷ್ಟು ಸಿಕ್ಕರೆ ಮನೆಯ ಕಂಬಗಳು ನಿಂತಂತೆ, ಗೋಡೆ ಆಮೇಲೆ ಕಟ್ಟಬಹುದು. ಶ್ರುತಿ ಬದಲಾಗದಂತೆ ಹಾಡನ್ನು ಅರ್ಧ ವೇಗಕ್ಕೆ ಇಳಿಸುವ ಸಾಫ್ಟ್‌ವೇರ್‌ಗಳು ಈಗ ಸುಲಭವಾಗಿ ಸಿಗುತ್ತವೆ, ಸಂಕೋಚವಿಲ್ಲದೆ ಬಳಸಿ.

ಓದು ಮತ್ತು ಕಿವಿಯ ನಡುವೆ ಒಂದು ಕಾಲುದಾರಿಯೂ ಇದೆ. ಅಮೆರಿಕದ ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಅಂಕಿಗಳ ಪದ್ಧತಿ ಅದು. ಷಡ್ಜಕ್ಕೆ 1, ಮಧ್ಯಮಕ್ಕೆ 4, ಪಂಚಮಕ್ಕೆ 5. "1-4-5-1" ಎಂದು ಬರೆದರೆ ಸ-ಮ-ಪ-ಸ ಎಂದಷ್ಟೇ ಅರ್ಥ. ಶ್ರುತಿ ಯಾವುದಾದರೂ ಇರಲಿ, ಕಾಗದ ಬದಲಾಗುವುದಿಲ್ಲ. ಸರಿಗಮ ಬಲ್ಲ ನಮಗೆ ಇದು ಹಿತ್ತಲ ಗಿಡವೇ ಅಲ್ಲವೇ?

ಹಾಗಾದರೆ ಯಾರಿಗೆ ಯಾವುದು?

ಗೆಳೆಯರ ಬ್ಯಾಂಡಿನಲ್ಲಿ ಗೊತ್ತಿರುವ ಹಾಡು ನುಡಿಸುವುದಷ್ಟೇ ಆಸೆಯಾದರೆ ಕಿವಿ ಮೊದಲು, ಅನುಮಾನ ಬಂದಲ್ಲಿ ಟ್ಯಾಬ್. ಸ್ಟುಡಿಯೋ, ನಾಟಕದ ಸಂಗೀತ, ಚರ್ಚಿನ ಕ್ವಾಯರ್, ದೊಡ್ಡ ವಾದ್ಯವೃಂದ ಇಂಥ ಕಡೆ ಕೆಲಸ ಮಾಡುವ ಆಸೆಯಿದ್ದರೆ ನೊಟೇಶನ್ ಬೇಕೇ ಬೇಕು. ಅಲ್ಲಿ ಸಮಯಕ್ಕೆ ಹಣ. ಕಾಗದ ಕೊಟ್ಟ ಐದು ನಿಮಿಷದಲ್ಲಿ ನುಡಿಸುವವನನ್ನೇ ಮತ್ತೆ ಕರೆಯುತ್ತಾರೆ. ಓದು ಮಾತ್ರ ಬಂದು ಕಿವಿ ಬಾರದವರಿಗೂ ಕಷ್ಟ ತಪ್ಪಿದ್ದಲ್ಲ. ಗಾಯಕ ಒಂದು ಸಾಲು ಹೆಚ್ಚು ಎಳೆದರೆ ಕಾಗದ ಹಿಡಿದವನು ಕಕ್ಕಾಬಿಕ್ಕಿ.

ದಿನಕ್ಕೆ ಹದಿನೈದು ನಿಮಿಷ ಇದ್ದರೆ ಹೀಗೆ ಹಂಚಿಕೊಳ್ಳಿ. ಐದು ನಿಮಿಷ ವಾದ್ಯವಿಲ್ಲದೆ ತಾಳದ ಗುರುತುಗಳನ್ನು ನೋಡಿ ಚಪ್ಪಾಳೆ ಹಾಕಿ. ಐದು ನಿಮಿಷ ನಾಲ್ಕೇ ಸಾಲು ನೊಟೇಶನ್ ಓದಿ, ಸ್ವರದ ಹೆಸರು ಬಾಯಲ್ಲಿ ಹೇಳುತ್ತ ನುಡಿಸಿ. ಉಳಿದ ಐದು ನಿಮಿಷ ಒಂದು ಹಾಡಿನ ಎರಡೇ ಆವರ್ತವನ್ನು ಕೇಳಿ ಹಿಡಿಯಿರಿ. ರಾಕ್‌ಸ್ಕೂಲ್‌ನಂಥ ಪರೀಕ್ಷೆಗಳ ಪುಸ್ತಕಗಳಲ್ಲಿ ಮೇಲೆ ನೊಟೇಶನ್, ಕೆಳಗೆ ಟ್ಯಾಬ್ ಎರಡೂ ಅಚ್ಚಾಗಿರುತ್ತದೆ. ಕೆಳಗಿನ ಸಾಲಿನ ಮೇಲೆ ಒಂದು ಪಟ್ಟಿ ಕಾಗದ ಇಟ್ಟು ಮೇಲಿನದನ್ನು ಓದಿ, ತಡವರಿಸಿದಾಗ ಮಾತ್ರ ಸರಿಸಿ ನೋಡಿ. ಮೊದಲ ತಿಂಗಳು ಇರುವೆ ನಡೆದಂತೆ ಸಾಗುತ್ತದೆ. ಬೇಸರ ಬೇಡ. ಬೇಸ್‌ನಲ್ಲಿ ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಸ್ವರ. ಎರಡು ಕೈಗೆ ಎರಡು ಸಾಲು ಓದಬೇಕಾದ ಪಿಯಾನೋದವರ ಕಷ್ಟ ನಿಮಗಿಲ್ಲ.

ಮಾತು ಬಲ್ಲ ಮಗುವಿಗೆ ಅಕ್ಷರ ಕಲಿಸಿದರೆ ಮಾತು ಮರೆತುಹೋಗುವುದಿಲ್ಲ. ತನ್ನ ಮಾತನ್ನೇ ಅದು ಕಾಗದದ ಮೇಲೆ ಗುರುತಿಸುತ್ತದೆ, ತಾನು ಕೇಳದ ಮಾತನ್ನೂ ಓದುತ್ತದೆ. ಮನೆಯ ಹುಡುಗನಿಗೋ ಹುಡುಗಿಗೋ ಟ್ಯಾಬ್ ಬಿಟ್ಟುಬಿಡು ಎಂದು ಗದರಬೇಡಿ. ಅದನ್ನು ಊರುಗೋಲಾಗಿ ಇಟ್ಟುಕೊಳ್ಳಲಿ. ಕಿವಿಯನ್ನು ಮುಂದೆ ಬಿಟ್ಟು, ಕಣ್ಣಿಗೆ ಅಕ್ಷರ ಕಲಿಸುತ್ತ ಹೋಗಲಿ. ನೊಟೇಶನ್ ಕಲಿಯಲು ವಯಸ್ಸಿನ ಗಡಿಯೇನೂ ಇಲ್ಲ, ನೀವೂ ಪಕ್ಕದಲ್ಲಿ ಕೂತು ಚಪ್ಪಾಳೆ ಹಾಕಬಹುದು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಕನ್ನಡ ಕೇಳುತ್ತಿರಿ, ಜೊತೆಗೆ ಆ ಹಾಡಿನ ಕೆಳಗಿರುವ ಬೇಸನ್ನೂ ಕೇಳುತ್ತಿರಿ.